ಮಂಗಳವಾರದ ಊಹೆ, ವಾರಗಟ್ಟಲೆ ಎಣಿಕೆ

ಅಮೆರಿಕದಲ್ಲಿ ಮಧ್ಯಂತರ ಚುನಾವಣೆಗೆ ಮತದಾನ ನಡೆಯುವ ನವೆಂಬರ್ ತಿಂಗಳ ಆ ಮಂಗಳವಾರ, ಫೋನ್ ಹಿಡಿದ ಮತದಾರರ ಊಹೆಗಳು ಬೆಳಗ್ಗೆ ಏಳಕ್ಕೆಲ್ಲ ಶುರುವಾಗುತ್ತವೆ. ‘ನಮ್ಮ ಬೂತಲ್ಲಿ ಸಾಲು ಪಾರ್ಕಿಂಗ್ ದಾಟಿ ರಸ್ತೆಗೆ ಬಂದಿದೆ.’ ‘ಇಲ್ಲಿ ಸಿಬ್ಬಂದಿ ನೊಣ ಹೊಡೀತಿದ್ದಾರೆ.’ ‘ಹುಡುಗರು ಜಾಸ್ತಿ ಕಾಣ್ತಿದ್ದಾರೆ, ಈ ಸಲ ಏನೋ ಇದೆ.’ ‘ನಾನು 212ನೆಯವಳು, ಹೋದ ಸಲ ಇಷ್ಟು ಹೊತ್ತಿಗೆ ನೂರೂ ಆಗಿರಲಿಲ್ಲ.’ ಈ ಕೊನೆಯ ಮಾತು ಬರೀ ಅಂದಾಜಿನದಲ್ಲ. ಗುರುತು ಹಾಕಿದ ಮತಪತ್ರವನ್ನು ಸ್ಕ್ಯಾನ್ ಯಂತ್ರದ ಬಾಯಿಗೆ ಕೊಟ್ಟರೆ, ಬೆಳಗಿನಿಂದ ಎಷ್ಟು ಮತಪತ್ರ ಒಳಗೆ ಹೋಗಿವೆ ಅನ್ನುವ ಅಂಕಿ ಅದರ ಪುಟ್ಟ ಪರದೆಯ ಮೇಲೆ ಬರುತ್ತದೆ. ಜನ ಅದನ್ನು ನೋಡಿಕೊಂಡು ಆಚೆ ಬರುತ್ತಾರೆ. ಎದೆ ಮೇಲೆ ‘ಐ ವೋಟೆಡ್’ ಸ್ಟಿಕರ್ ಅಂಟಿಸಿಕೊಂಡು ಫೋಟೊ ತೆಗೆಯುತ್ತಾರೆ. ಫೋಟೊ ಜೊತೆಗೆ ಒಂದು ಭವಿಷ್ಯವನ್ನೂ ಹಾಕುತ್ತಾರೆ.

ಇವುಗಳಲ್ಲಿ ಎಷ್ಟೋ ಸುಳ್ಳಾಗುತ್ತವೆ. ಅದೇನೂ ಹೊಸದಲ್ಲ, ಅದರಿಂದ ಯಾರಿಗೂ ನಷ್ಟವೂ ಇರಲಿಲ್ಲ. ಮೊದಲೆಲ್ಲ ರಾತ್ರಿ ಮಲಗುವ ಹೊತ್ತಿಗೆ ಊಹೆಯ ಆಟ ಮುಗಿಯುತ್ತಿತ್ತು. ಈಗ ಕೆಲವು ರಾಜ್ಯಗಳಲ್ಲಿ ಎಣಿಕೆ ಮುಗಿಯಲು ವಾರಗಳೇ ಬೇಕು. ಅಷ್ಟೂ ದಿನ ಊಹೆ ಉಸಿರಾಡುತ್ತಿರುತ್ತದೆ. ಬೆಳೆಯುತ್ತದೆ. ಕೊನೆಗೆ ನಿಜವಾದ ಎಣಿಕೆ ಬಂದಾಗ ಅದರ ಜೊತೆಗೇ ಜಗಳಕ್ಕೆ ನಿಲ್ಲುತ್ತದೆ. ಇದು ಹೀಗೆ ಆಗಿದ್ದು ಹೇಗೆ ಅಂತ ಸ್ವಲ್ಪ ಹಿಂದಿನಿಂದ ನೋಡಬೇಕು.

ಮೊದಲು ಈ ಚುನಾವಣೆ ಯಾವುದು ಅಂತ ಹೇಳಿಬಿಡೋಣ. ನಮ್ಮಲ್ಲಿ ಸರ್ಕಾರ ಅವಧಿಗೆ ಮೊದಲೇ ಬಿದ್ದರೆ ಮಧ್ಯಂತರ ಚುನಾವಣೆ. ಅಲ್ಲಿ ಹಾಗಲ್ಲ. ಅಧ್ಯಕ್ಷರ ನಾಲ್ಕು ವರ್ಷದ ಅವಧಿಯ ನಟ್ಟನಡುವೆ, ದಿನಾಂಕ ಮೊದಲೇ ಗೊತ್ತಿರುವ ಚುನಾವಣೆ ಇದು. ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ 435 ಸ್ಥಾನಗಳಿಗೂ ಮತದಾನ. ಮೇಲ್ಮನೆಯಾದ ಸೆನೆಟ್‌ನ 100 ಸ್ಥಾನಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಮತದಾನ. 36 ರಾಜ್ಯಗಳಲ್ಲಿ ಗವರ್ನರ್ ಆಯ್ಕೆ. ಇದರ ಜೊತೆ ಶೆರಿಫ್, ಶಾಲಾ ಮಂಡಳಿ, ಕೆಲವು ಕಡೆ ನ್ಯಾಯಾಧೀಶರು, ಜನಮತ ಸಂಗ್ರಹದ ಪ್ರಶ್ನೆಗಳು ಎಲ್ಲ ಒಂದೇ ಮತಪತ್ರದಲ್ಲಿ. ಅಧ್ಯಕ್ಷರ ಹೆಸರು ಮಾತ್ರ ಇರುವುದಿಲ್ಲ. ಆದರೆ ಬಹಳಷ್ಟು ಜನ ಮತ ಹಾಕುವುದು ಅವರ ಮುಖ ನೋಡಿಯೇ. ಎರಡನೇ ಮಹಾಯುದ್ಧದ ನಂತರದ ಮಧ್ಯಂತರಗಳಲ್ಲಿ 1998 ಮತ್ತು 2002 ಬಿಟ್ಟರೆ, ಪ್ರತಿ ಸಲವೂ ಅಧ್ಯಕ್ಷರ ಪಕ್ಷ ಪ್ರತಿನಿಧಿ ಸಭೆಯಲ್ಲಿ ಸ್ಥಾನ ಕಳೆದುಕೊಂಡಿದೆ. ಹಾಗಾಗಿ ಯಾರು ಸೋಲುತ್ತಾರೆ ಅನ್ನುವ ಬಗ್ಗೆ ಅಷ್ಟು ಕುತೂಹಲ ಇರುವುದಿಲ್ಲ. ಎಷ್ಟು ಸೋಲುತ್ತಾರೆ? ಆಟವೆಲ್ಲ ಅದರ ಸುತ್ತ.

ಇನ್ನೊಂದು ಸಂಗತಿ ನಮ್ಮವರಿಗೆ ನಂಬಲು ಕಷ್ಟ. ಅಲ್ಲಿ ದೇಶಕ್ಕೆಲ್ಲ ಫಲಿತಾಂಶ ಘೋಷಿಸುವ ಒಂದು ಚುನಾವಣಾ ಆಯೋಗ ಇಲ್ಲ. ಫೆಡರಲ್ ಎಲೆಕ್ಷನ್ ಕಮಿಷನ್ ಅಂತ ಒಂದಿದೆ. ಅದು ನೋಡುವುದು ಪ್ರಚಾರದ ಹಣಕಾಸಿನ ಲೆಕ್ಕ. ಮತ ಎಣಿಸುವುದು ಹೆಚ್ಚಿನ ಕಡೆ ಕೌಂಟಿಗಳು, ಅಂದರೆ ನಮ್ಮ ಜಿಲ್ಲೆಗಳಂಥವು. ಅಂಥವು 3 ಸಾವಿರಕ್ಕೂ ಜಾಸ್ತಿ ಇವೆ. ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಅಧಿಕೃತ ಫಲಿತಾಂಶಕ್ಕೆ ಸಹಿ ಬೀಳುವುದು ವಾರಗಳ ನಂತರ. ಅಲ್ಲಿಯವರೆಗೆ ‘ಇಂಥವರು ಗೆದ್ದರು’ ಅಂತ ಹೇಳುವವರು ಟಿವಿ ವಾಹಿನಿಗಳು ಮತ್ತು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ. ಈ ಸಂಸ್ಥೆ 1848ರಿಂದ ಇದೇ ಕೆಲಸ ಮಾಡುತ್ತಿದೆ. ಈಗಲೂ ಚುನಾವಣೆ ರಾತ್ರಿ ಸಾವಿರಾರು ಜನರನ್ನು ಕೌಂಟಿ ಕಚೇರಿಗಳಲ್ಲಿ ಕೂರಿಸಿ ಅಂಕಿ ತರಿಸಿಕೊಳ್ಳುತ್ತದೆ. ಅಂದರೆ ಆ ರಾತ್ರಿ ಜನ ಟಿವಿಯಲ್ಲಿ ನೋಡುವ ‘ಫಲಿತಾಂಶ’ವೂ ಒಂದು ಊಹೆಯೇ. ತುಂಬ ಎಚ್ಚರಿಕೆಯಿಂದ ಲೆಕ್ಕ ಹಾಕಿದ್ದು, ಅಷ್ಟೇ.

ಬಣ್ಣದ ಚೀಟಿಯಿಂದ ಬಾಜಿಗೆ

19ನೇ ಶತಮಾನದ ಬಹುಭಾಗ ಅಮೆರಿಕದಲ್ಲಿ ಮತ ಗುಟ್ಟಾಗಿರಲಿಲ್ಲ. ಕೆಲವು ರಾಜ್ಯಗಳಲ್ಲಿ ಎಲ್ಲರೆದುರು ಬಾಯಿಬಿಟ್ಟು ಹೇಳಬೇಕಿತ್ತು. ಕೆಂಟಕಿಯಲ್ಲಿ ಈ ಪದ್ಧತಿ 1891ರವರೆಗೂ ಉಳಿದಿತ್ತು. ಉಳಿದ ಕಡೆ ಪಕ್ಷಗಳೇ ತಮ್ಮ ಚೀಟಿ ಅಚ್ಚು ಹಾಕಿಸಿ ಹಂಚುತ್ತಿದ್ದವು. ಚೀಟಿಯ ಬಣ್ಣ, ಅಳತೆ ನೋಡಿದರೆ ಸಾಕು, ಯಾರದು ಯಾವ ಪಕ್ಷ ಅಂತ ಪೆಟ್ಟಿಗೆ ಪಕ್ಕ ನಿಂತವರಿಗೆಲ್ಲ ತಿಳಿಯುತ್ತಿತ್ತು. ಆ ಕಾಲದಲ್ಲಿ ಊಹಿಸುವುದಕ್ಕೆ ಉಳಿದದ್ದೇ ಕಮ್ಮಿ. 1888ರಲ್ಲಿ ಮಸಾಚುಸೆಟ್ಸ್, ಸರ್ಕಾರವೇ ಅಚ್ಚು ಹಾಕಿಸಿದ ಗುಪ್ತ ಮತಪತ್ರಕ್ಕೆ ಕಾನೂನು ಮಾಡಿತು. ಉಳಿದ ರಾಜ್ಯಗಳು ಬೇಗಬೇಗನೆ ಹಿಂದೆಯೇ ಬಂದವು. ಮತ ಗುಟ್ಟಾದ ಮೇಲೆ ಊಹೆಗೆ ಬೆಲೆ ಬಂತು.

ಬೆಲೆ ಅಂದರೆ ನಿಜವಾಗಿಯೂ ದುಡ್ಡು. 20ನೇ ಶತಮಾನದ ಶುರುವಿನಲ್ಲಿ ನ್ಯೂಯಾರ್ಕ್‌ನ ವಾಲ್ ಸ್ಟ್ರೀಟ್ ಆಸುಪಾಸಿನ ದಲ್ಲಾಳಿಗಳು ಚುನಾವಣೆ ಮೇಲೆ ದೊಡ್ಡ ಮೊತ್ತದ ಬಾಜಿ ಕಟ್ಟಿಸುತ್ತಿದ್ದರು. ಅಲ್ಲಿನ ದರ ಪತ್ರಿಕೆಗಳಲ್ಲಿ ಷೇರು ದರದ ಹಾಗೆ ಅಚ್ಚಾಗುತ್ತಿತ್ತು. ದುಡ್ಡಿಲ್ಲದವರು ಮಾನ ಪಣಕ್ಕಿಡುತ್ತಿದ್ದರು. ಸೋತವನು ಗೆದ್ದವನನ್ನು ಕೈಗಾಡಿಯಲ್ಲಿ ಕೂರಿಸಿ ಊರ ಬೀದಿಯಲ್ಲಿ ತಳ್ಳಿಕೊಂಡು ಹೋಗಬೇಕು, ಇಂಥವು. ಚುನಾವಣೆ ಬಂದಾಗ ನಮ್ಮ ಮಂಡ್ಯದ ಕಡೆಯಿಂದ ಕುರಿ, ಜಮೀನು ಪಣಕ್ಕಿಟ್ಟ ಸುದ್ದಿ ಬರುತ್ತದಲ್ಲ, ಈ ಹುಚ್ಚಿಗೆ ಊರುಕೇರಿ ಇಲ್ಲ.

ಆಗಿನ ಕಾಲಕ್ಕೆ ಇನ್ನೊಂದು ‘ಸಮೀಕ್ಷೆ’ಯೂ ಇತ್ತು. ಅದರ ಹೆಸರು ಮೇನ್ ರಾಜ್ಯ. ನವೆಂಬರ್‌ನ ಮೊದಲ ಸೋಮವಾರ ಕಳೆದ ಮಂಗಳವಾರವೇ ಮತದಾನ ಅಂತ ಅಧ್ಯಕ್ಷರ ಚುನಾವಣೆಗೆ 1845ರಲ್ಲಿ, ಪ್ರತಿನಿಧಿ ಸಭೆಗೆ 1872ರಲ್ಲಿ ಕಾನೂನು ಬಂದಿತ್ತು. ಸುಗ್ಗಿ ಮುಗಿದಿರಬೇಕು, ಭಾನುವಾರದ ಪ್ರಾರ್ಥನೆ ತಪ್ಪಬಾರದು, ಕುದುರೆ ಗಾಡಿಯಲ್ಲಿ ಬರಲು ಒಂದು ದಿನ ಸಿಗಬೇಕು, ಲೆಕ್ಕಾಚಾರ ಇಷ್ಟೇ. ಆದರೆ ಚಳಿ ಜೋರಿರುವ ಮೇನ್ ಮಾತ್ರ 1950ರ ದಶಕದ ಕೊನೆಯವರೆಗೂ ತನ್ನ ರಾಜ್ಯದ ಚುನಾವಣೆಯನ್ನು ಸೆಪ್ಟೆಂಬರ್‌ನಲ್ಲೇ ಮುಗಿಸುತ್ತಿತ್ತು. ಮೇನ್ ಹೋದ ದಾರಿಯಲ್ಲೇ ದೇಶ ಅಂತ ಮಾತೇ ಹುಟ್ಟಿಕೊಂಡಿತ್ತು. 1936ರಲ್ಲಿ ರಿಪಬ್ಲಿಕನ್ನರು ಮೇನ್ ಗೆದ್ದರು. ನವೆಂಬರ್‌ನಲ್ಲಿ ಮೇನ್ ಮತ್ತು ವರ್ಮಾಂಟ್ ಬಿಟ್ಟು ಉಳಿದ 46 ರಾಜ್ಯಗಳೂ ಎದುರಿನ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ರೂಸ್‌ವೆಲ್ಟ್ ಪಾಲಾದವು. ಅದೇ ವರ್ಷ ಲಿಟರರಿ ಡೈಜೆಸ್ಟ್ ಪತ್ರಿಕೆ ಒಂದು ಕೋಟಿ ಜನರಿಗೆ ಕಾರ್ಡ್ ಕಳಿಸಿ, 20 ಲಕ್ಷಕ್ಕೂ ಜಾಸ್ತಿ ಉತ್ತರ ತರಿಸಿಕೊಂಡು, ರೂಸ್‌ವೆಲ್ಟ್ ಸೋಲುತ್ತಾರೆ ಅಂದಿತ್ತು. ಎಷ್ಟು ಜನ ಹೇಳಿದರು ಅನ್ನುವುದಕ್ಕಿಂತ ಯಾರು ಹೇಳಿದರು ಅನ್ನುವುದು ಮುಖ್ಯ. ಈ ಪಾಠ ಆಗಲೇ ಸಿಕ್ಕಿತ್ತು. ಇವತ್ತಿನ ಬೂತ್ ಮುಂದಿನ ಸಾಲಿನ ಫೋಟೊಗಳಿಗೂ ಇದೇ ಅನ್ವಯ. ಯಾರು ನೆನಪಿಟ್ಟುಕೊಳ್ಳುತ್ತಾರೆ, ಬಿಡಿ.

ಬೀಗ ಹಾಕಿದ ಕೋಣೆ

ಆಮೇಲೆ ರೇಡಿಯೊ ಬಂತು, ಟಿವಿ ಬಂತು. 1952ರಲ್ಲಿ ಸಿಬಿಎಸ್ ವಾಹಿನಿ ಯೂನಿವ್ಯಾಕ್ ಕಂಪ್ಯೂಟರ್ ತಂದಿಟ್ಟಿತು. ಅದು ಸರಿಯಾಗಿಯೇ ಹೇಳಿದ ಭವಿಷ್ಯವನ್ನು ನಂಬಲಾಗದೆ ವಾಹಿನಿಯವರು ಮೊದಲು ಮುಚ್ಚಿಟ್ಟರು. 1967ರಲ್ಲಿ ಅದೇ ಸಿಬಿಎಸ್‌ನ ವಾರನ್ ಮಿಟೋಫ್‌ಸ್ಕಿ, ಕೆಂಟಕಿಯ ಗವರ್ನರ್ ಚುನಾವಣೆಯಲ್ಲಿ ಮತಗಟ್ಟೆಯಿಂದ ಹೊರಬರುವವರನ್ನು ಲೆಕ್ಕದ ಪ್ರಕಾರ ಇಷ್ಟು ಜನರಿಗೊಬ್ಬರಂತೆ ನಿಲ್ಲಿಸಿ ಪ್ರಶ್ನೆ ಕೇಳಿಸಿದರು. ಎಕ್ಸಿಟ್ ಪೋಲ್ ದೊಡ್ಡದಾಗಿ ಬೆಳೆದದ್ದು ಅಲ್ಲಿಂದ.

ಅದರ ಬಿಸಿ ತಟ್ಟಿದ್ದು 1980ರಲ್ಲಿ. ಪೂರ್ವ ಕರಾವಳಿಯ ಗಡಿಯಾರದಲ್ಲಿ ರಾತ್ರಿ 8:15ಕ್ಕೆ ಎನ್‌ಬಿಸಿ ವಾಹಿನಿ, ರೇಗನ್ ಗೆದ್ದರು ಅಂತ ಹೇಳಿಬಿಟ್ಟಿತು. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಮತದಾನ ನಡೆಯುತ್ತಿತ್ತು. ಅಲ್ಲಿ ಮತಗಟ್ಟೆ ಮುಚ್ಚುವ ಮೊದಲೇ ಎದುರಾಳಿ, ಆಗಿನ ಅಧ್ಯಕ್ಷ ಕಾರ್ಟರ್ ಸೋಲೊಪ್ಪಿಕೊಂಡೂ ಆಯಿತು. ಸಂಜೆ ಕೆಲಸ ಮುಗಿಸಿ ಮತ ಹಾಕೋಣ ಅಂತಿದ್ದವರು ಸಾಲಿನಿಂದಲೇ ವಾಪಸ್ ಹೋದರು ಅನ್ನುವ ದೂರು ಬಹಳ ದಿನ ಕೇಳಿಬಂತು. ನಮ್ಮಲ್ಲಾದರೆ ಕಾನೂನಿದೆ. ಪ್ರಜಾಪ್ರತಿನಿಧಿ ಕಾಯ್ದೆಯ 126ಎ ಕಲಂ ಪ್ರಕಾರ ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆ ಆಗುವ ತನಕ ಎಕ್ಸಿಟ್ ಪೋಲ್ ತೋರಿಸುವಂತಿಲ್ಲ. ಅಮೆರಿಕದಲ್ಲಿ ವಾಕ್ ಸ್ವಾತಂತ್ರ್ಯ ಕಾಪಾಡುವ ಸಂವಿಧಾನ ತಿದ್ದುಪಡಿ ಅಡ್ಡ ಬರುತ್ತದೆ. ಹಾಗಾಗಿ ವಾಹಿನಿಗಳು 1985ರಲ್ಲಿ ಮಾತು ಕೊಟ್ಟವು, ಅಷ್ಟೇ: ಒಂದು ರಾಜ್ಯದಲ್ಲಿ ಮತದಾನ ಮುಗಿಯುವ ತನಕ ಆ ರಾಜ್ಯದ ಎಕ್ಸಿಟ್ ಪೋಲ್ ಬಳಸಿ ಗೆದ್ದವರ ಹೆಸರು ಹೇಳುವುದಿಲ್ಲ.

ಮಾತು ನಡೆಯಿತು. ಆದರೆ ಇಂಟರ್‌ನೆಟ್ ಯಾರಿಗೂ ಮಾತು ಕೊಟ್ಟಿರಲಿಲ್ಲ. 2002ರ ಮಧ್ಯಂತರದ ರಾತ್ರಿ, ವಾಹಿನಿಗಳೆಲ್ಲ ಸೇರಿ ನಡೆಸುತ್ತಿದ್ದ ವೋಟರ್ ನ್ಯೂಸ್ ಸರ್ವಿಸ್‌ನ ಕಂಪ್ಯೂಟರ್ ವ್ಯವಸ್ಥೆಯೇ ಕೈಕೊಟ್ಟಿತು. ರಾಷ್ಟ್ರಮಟ್ಟದ ಎಕ್ಸಿಟ್ ಪೋಲ್ ಅವತ್ತು ಸಿಗಲೇ ಇಲ್ಲ. ಎರಡೇ ತಿಂಗಳಲ್ಲಿ ಆ ಸಂಸ್ಥೆಗೆ ಬೀಗ ಬಿತ್ತು. 2004ರಲ್ಲಿ ಮಧ್ಯಾಹ್ನದ ಅರೆಬೆಂದ ಅಂಕಿಗಳು ಸೋರಿಕೆಯಾಗಿ, ಸಂಜೆ ತನಕ ಡೆಮಾಕ್ರಟಿಕ್ ಪಕ್ಷದ ಜಾನ್ ಕೆರಿ ಅಧ್ಯಕ್ಷ ಚುನಾವಣೆ ಗೆದ್ದೇಬಿಟ್ಟರು ಅನ್ನುವ ವಾತಾವರಣ ಇತ್ತು. ಬುಷ್ ಗೆದ್ದರು. ಗೆದ್ದ ಮೇಲೂ, ಎಕ್ಸಿಟ್ ಪೋಲ್ ಸರಿ, ಎಣಿಕೆಯೇ ತಪ್ಪು ಅಂತ ವಾದಿಸುವವರು ಉಳಿದುಕೊಂಡರು. ಆ ಸಲ ಹಾಗೆ ವಾದಿಸಿದ್ದು ಡೆಮಾಕ್ರಟಿಕ್ ಕಡೆಯವರು. ಈ ಚಾಳಿ ಒಂದೇ ಪಕ್ಷದ ಸ್ವತ್ತಲ್ಲ ಅಂತ ಹೇಳಲು ಇಷ್ಟು ಸಾಕು.

ಹಾಗಾಗಿ 2006ರ ಮಧ್ಯಂತರಕ್ಕೆ ಒಂದು ಉಪಾಯ ಮಾಡಿದರು. ಪ್ರತಿ ವಾಹಿನಿಯಿಂದ ಒಂದಿಬ್ಬರು ವಿಶ್ಲೇಷಕರು ನ್ಯೂಯಾರ್ಕ್‌ನ ಒಂದು ಕೋಣೆಗೆ ಹೋಗಬೇಕು. ಬಾಗಿಲಲ್ಲೇ ಫೋನ್ ಒಪ್ಪಿಸಬೇಕು. ಒಳಗೆ ದಿನವಿಡೀ ಬರುವ ಎಕ್ಸಿಟ್ ಪೋಲ್ ಅಂಕಿ ನೋಡಬಹುದು, ಆದರೆ ಸಂಜೆ 5ರ ತನಕ ಹೊರಗಿನ ಪ್ರಪಂಚದ ಜೊತೆ ಮಾತಿಲ್ಲ. ಕ್ವಾರಂಟೈನ್ ಕೋಣೆ ಅಂತಲೇ ಅದರ ಹೆಸರು. ಕೊರೊನಾಕ್ಕೆ ಎಷ್ಟೋ ವರ್ಷ ಮೊದಲೇ! ಸೋರಿಕೆ ನಿಂತಿತು. ಆದರೆ ಬಾಯಿ ಮುಚ್ಚಿಸಿದ್ದು ಪರಿಣತರಿಗೆ ಮಾತ್ರ. ಹಗಲು ಹೊತ್ತಿನ ಆ ಖಾಲಿ ಜಾಗ ಹಾಗೇ ಉಳಿಯಿತು. ಅದನ್ನು ತುಂಬಿದವರು ಮತದಾರರು.

2010ರ ನವೆಂಬರ್ 2ರಂದು ಫೇಸ್‌ಬುಕ್ ತೆರೆದ ಅಮೆರಿಕದ ಸುಮಾರು 6 ಕೋಟಿ ವಯಸ್ಕರಿಗೆ ಪುಟದ ಮೇಲ್ಗಡೆ ‘ಐ ವೋಟೆಡ್’ ಅನ್ನುವ ಗುಂಡಿ ಕಂಡಿತು. ಅದರ ಕೆಳಗೆ, ಆಗಲೇ ಗುಂಡಿ ಒತ್ತಿದ ಆರು ಗೆಳೆಯರ ತನಕ ಮುಖಗಳು. ಸಣ್ಣದೊಂದು ಗುಂಪಿಗೆ ಮುಖಗಳಿಲ್ಲದ ಬರೀ ಸಂದೇಶ. ಇನ್ನೊಂದು ಸಣ್ಣ ಗುಂಪಿಗೆ ಏನೂ ಇಲ್ಲ. ಅದು ಪ್ರಯೋಗ ಅಂತ ಜನರಿಗೆ ಗೊತ್ತಿರಲಿಲ್ಲ. ಯಾರು ಯಾರಿಗೆ ಮತ ಹಾಕಿದರು ಅನ್ನುವುದು ಅಲ್ಲಿ ಗುಟ್ಟು, ಆದರೆ ಮತ ಹಾಕಿದರೋ ಇಲ್ಲವೋ ಅನ್ನುವುದು ಸಾರ್ವಜನಿಕ ದಾಖಲೆ. ಆ ದಾಖಲೆ ಜೊತೆ ತಾಳೆ ನೋಡಿದಾಗ, ಗೆಳೆಯರ ಮುಖ ಕಂಡವರು ತುಸು ಜಾಸ್ತಿ ಮತ ಹಾಕಿದ್ದರು. ಒಟ್ಟು 3 ಲಕ್ಷ 40 ಸಾವಿರ ಹೆಚ್ಚುವರಿ ಮತ ಇದರಿಂದ ಬಿದ್ದವು ಅಂತ 2012ರಲ್ಲಿ ನೇಚರ್ ಪತ್ರಿಕೆಯಲ್ಲಿ ವರದಿ ಬಂತು. ಪಕ್ಕದವರು ಹೋದರು ಅಂತ ನಾವೂ ಹೋಗುವುದು ಒಳ್ಳೆಯದೇ. ಆದರೆ ಅದೇ ದಾರಿಯಲ್ಲಿ, ಪಕ್ಕದವರು ಗೆಲ್ತೀವಿ ಅಂದರು ಅಂತ ನಾವೂ ನಂಬುವುದು ಶುರುವಾಯಿತು. ಗೆಳೆಯರ ಪಟ್ಟಿಯಲ್ಲಿ ಇರುವವರು ಹೆಚ್ಚಾಗಿ ನಮ್ಮಂಥವರೇ ತಾನೆ.

ಸಂಜೆ ಕಂಡ ಅಲೆ, ಕಾಣದ ಅಲೆ

2014ರಲ್ಲಿ ಮತದಾನ ಶೇ 36ರ ಆಸುಪಾಸಿಗೆ ಇಳಿದಿತ್ತು. ಎರಡನೇ ಮಹಾಯುದ್ಧದ ಕಾಲದ ನಂತರ ಅಷ್ಟು ಕೆಳಗೆ ಹೋಗಿರಲಿಲ್ಲ. ನಾಲ್ಕೇ ವರ್ಷಕ್ಕೆ, 2018ರಲ್ಲಿ, ಅದು ಶೇ 50 ಮುಟ್ಟಿತು. ಮಧ್ಯಂತರದಲ್ಲಿ ಇಷ್ಟು ಜನ ಮತ ಹಾಕಿದ್ದು 1914ರ ನಂತರ ಅದೇ ಮೊದಲು. ಅವತ್ತು ಬೆಳಗಿನ ಫೋಟೊಗಳೆಲ್ಲ ಉದ್ದ ಸಾಲುಗಳದ್ದೇ. ಇದು ನೀಲಿ ಅಲೆ, ಅಂದರೆ ಡೆಮಾಕ್ರಟಿಕ್ ಅಲೆ, ಅಂತ ಒಂದು ಕಡೆಯವರು. ನಮ್ಮವರೂ ಸಾಲಲ್ಲಿದ್ದಾರೆ ಅಂತ ಇನ್ನೊಂದು ಕಡೆಯವರು. ಸಾಲಲ್ಲಿ ನಿಂತವರ ಹಣೆ ಮೇಲೆ ಪಕ್ಷ ಬರೆದಿರುವುದಿಲ್ಲವಲ್ಲ.

ಎಲ್ಲಕ್ಕಿಂತ ಮೊದಲು, ಸಂಜೆ 6ಕ್ಕೆ, ಮತಗಟ್ಟೆ ಮುಚ್ಚುವುದು ಇಂಡಿಯಾನಾ ಮತ್ತು ಕೆಂಟಕಿಯ ಬಹುಭಾಗದಲ್ಲಿ. ಕೆಂಟಕಿಯ 6ನೇ ಕ್ಷೇತ್ರದಲ್ಲಿ ಯುದ್ಧವಿಮಾನ ಹಾರಿಸಿದ್ದ ಮಾಜಿ ಮರೀನ್ ಅಧಿಕಾರಿ ಏಮಿ ಮೆಗ್ರಾತ್ ಡೆಮಾಕ್ರಟಿಕ್ ಅಭ್ಯರ್ಥಿ. ದೇಶವೆಲ್ಲ ಆ ಕ್ಷೇತ್ರ ನೋಡುತ್ತಿತ್ತು. ಅವರು ಸೋತರು. ಇಂಡಿಯಾನಾದಲ್ಲಿ ಆ ಪಕ್ಷದ ಸೆನೆಟರ್ ಸೋತರು. ಫ್ಲೋರಿಡಾದಲ್ಲಿ ಹಿನ್ನಡೆ. ರಾತ್ರಿ 9ರ ಹೊತ್ತಿಗೆ ಟಿವಿಯಲ್ಲಿ ಅಲೆಗಿಲೆ ಏನೂ ಇಲ್ಲ ಅನ್ನುವ ಮಾತು ಶುರುವಾಗಿತ್ತು. ಚುನಾವಣೆಯ ಭವಿಷ್ಯ ಲೆಕ್ಕ ಹಾಕುತ್ತಿದ್ದ ಫೈವ್‌ಥರ್ಟಿಏಟ್ ಜಾಲತಾಣದ ಲೈವ್ ಲೆಕ್ಕಾಚಾರ ಪ್ರತಿನಿಧಿ ಸಭೆಯಲ್ಲಿ ಡೆಮಾಕ್ರಟಿಕ್ ಅವಕಾಶವನ್ನು ಸ್ವಲ್ಪ ಹೊತ್ತು ಅರ್ಧಕ್ಕಿಂತ ಕೆಳಗೆ ತಂದುಬಿಟ್ಟಿತು. ನಂತರ ಅವರೇ ಅದರ ವೇಗ ತಗ್ಗಿಸಬೇಕಾಯಿತು. ಕೊನೆಗೆ ಆ ಪಕ್ಷಕ್ಕೆ ಸಿಕ್ಕಿದ್ದು 40 ಹೆಚ್ಚುವರಿ ಸ್ಥಾನ. ಅಲೆ ಬಂದಿತ್ತು. ಪೂರ್ತಿ ಕಾಣಲು ಮೂರು ವಾರ ಹಿಡಿಯಿತು.

ಮೂರು ವಾರ ಯಾಕೆ? ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಎಲ್ಲ ಗಲಾಟೆಯ ಬೇರು ಇಲ್ಲಿದೆ.

ಕ್ಯಾಲಿಫೋರ್ನಿಯಾದಲ್ಲಿ ಜಾಸ್ತಿ ಜನ ಮತ ಹಾಕುವುದು ಅಂಚೆಯಲ್ಲಿ. ಮತದಾನದ ದಿನ ಅಂಚೆ ಮುದ್ರೆ ಬಿದ್ದಿದ್ದರೆ, ಲಕೋಟೆ ಕೆಲವು ದಿನ ತಡವಾಗಿ ಬಂದರೂ ಲೆಕ್ಕಕ್ಕುಂಟು. ಬಂದ ಲಕೋಟೆಯನ್ನು ಹಾಗೇ ಹರಿದು ಎಣಿಸುವಂತಿಲ್ಲ. ಮೊದಲು ಬಾರ್‌ಕೋಡ್ ಓದಿಸಿ, ಈ ಮತದಾರ ಬೇರೆಲ್ಲೂ ಮತ ಹಾಕಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಲಕೋಟೆ ಮೇಲಿನ ಸಹಿಯನ್ನು ಕಡತದಲ್ಲಿರುವ ಸಹಿ ಜೊತೆ ಹೋಲಿಸಬೇಕು. ಹೊಂದದಿದ್ದರೆ ಮತದಾರರಿಗೆ ತಿಳಿಸಿ, ಸರಿಪಡಿಸಲು ಸಮಯ ಕೊಡಬೇಕು. ಸರಿಯಿದ್ದರೆ ಮತಪತ್ರವನ್ನು ಲಕೋಟೆಯಿಂದ ಬೇರೆ ಮಾಡಬೇಕು, ಯಾರ ಮತ ಅಂತ ಗೊತ್ತಾಗದ ಹಾಗೆ. ಮಡಿಕೆ ಬಿಡಿಸಿ, ಚಪ್ಪಟೆ ಮಾಡಿ, ಆಮೇಲೆ ಯಂತ್ರಕ್ಕೆ. ಕಾಫಿ ಚೆಲ್ಲಿದ್ದು, ಹರಿದದ್ದು ಇದ್ದರೆ ಇನ್ನೊಂದು ಪ್ರತಿಗೆ ನಕಲು ಮಾಡಬೇಕು. ಲಕ್ಷಗಟ್ಟಲೆ ಲಕೋಟೆಗೆ ಈ ಕೆಲಸ. ಕಳ್ಳತನ ಆಗದಿರಲಿ ಅಂತ ಮಾಡುವ ಈ ತಪಾಸಣೆಯೇ ತಡಕ್ಕೆ ಕಾರಣ. ಆ ತಡವನ್ನೇ ತೋರಿಸಿ ಕಳ್ಳತನ ಅನ್ನುವುದು ಎಂಥ ವಿಚಿತ್ರ ಅಲ್ವಾ?

2018ರಲ್ಲಿ ಅಲ್ಲಿನ ಯಂಗ್ ಕಿಮ್ ಅನ್ನುವ ರಿಪಬ್ಲಿಕನ್ ಅಭ್ಯರ್ಥಿ ಮತದಾನದ ರಾತ್ರಿ ಮುಂದಿದ್ದರು. ವಾಷಿಂಗ್ಟನ್‌ನಲ್ಲಿ ಹೊಸ ಸದಸ್ಯರ ಪರಿಚಯ ಶಿಬಿರಕ್ಕೂ ಹೋಗಿ ಬಂದರು. ಅಂಚೆ ಮತ ಮುಗಿದಾಗ ಸೋತಿದ್ದರು. ಎರಡು ವರ್ಷದ ನಂತರ ಅದೇ ಕ್ಷೇತ್ರದಲ್ಲಿ ಗೆದ್ದರು, ಅದು ಬೇರೆ ಮಾತು. ಇನ್ನೊಂದು ಕ್ಷೇತ್ರದಲ್ಲಿ ಅಸೋಸಿಯೇಟೆಡ್ ಪ್ರೆಸ್ಸೇ ಎಡವಿತು. ರಿಪಬ್ಲಿಕನ್ ಪಕ್ಷದ ಡೇವಿಡ್ ವಲಡಾವೊ ಗೆದ್ದರು ಅಂತ ಹೇಳಿ, ಮೂರು ವಾರದ ಹತ್ತಿರ ಆದ ಮೇಲೆ ಆ ಘೋಷಣೆಯನ್ನು ವಾಪಸ್ ತೆಗೆದುಕೊಂಡಿತು. ಕೊನೆಗೆ ಅವರು 862 ಮತಗಳಿಂದ ಸೋತರು.

ತಡವಾಗಿ ಎಣಿಸುವ ಮತಗಳು ಡೆಮಾಕ್ರಟಿಕ್ ಕಡೆಗೇ ವಾಲುತ್ತವೆ ಅನ್ನುವುದನ್ನು ಎಡ್ವರ್ಡ್ ಫೋಲಿ ಅನ್ನುವ ಕಾನೂನು ಪ್ರಾಧ್ಯಾಪಕರು 2013ರಷ್ಟು ಹಿಂದೆಯೇ ಗುರುತಿಸಿ, ಬ್ಲೂ ಶಿಫ್ಟ್ ಅಂತ ಹೆಸರಿಟ್ಟಿದ್ದರು. ಆದರೆ ಇದೂ ಎಲ್ಲ ಕಡೆ ನಿಜವಲ್ಲ. ಅರಿಜೋನಾದಲ್ಲಿ ಚುನಾವಣೆ ಹಿಂಬಾಲಿಸುವವರ ಬಾಯಲ್ಲಿ ‘ಲೇಟ್ ಅರ್ಲಿ’ ಅಂತ ಒಂದು ಮಾತಿದೆ. ಮನೆಗೆ ಮೊದಲೇ ಬಂದ ಮತಪತ್ರವನ್ನು ಇಟ್ಟುಕೊಂಡು ಇಟ್ಟುಕೊಂಡು, ಕೊನೇ ದಿನ ಮತಗಟ್ಟೆ ಡಬ್ಬಿಗೆ ಹಾಕಿ ಹೋಗುವವರ ಮತ ಅದು. 2018ರಲ್ಲಿ ಮತದಾನ ಮುಗಿದ ಮೇಲೆ ಎಣಿಸಿದ ಮತಗಳಲ್ಲಿ ಡೆಮಾಕ್ರಟಿಕ್ ಪಕ್ಷದ ಕಿರ್ಸ್ಟನ್ ಸಿನೆಮಾ ಹಿಂದಿನಿಂದ ಬಂದು ಸೆನೆಟ್ ಗೆದ್ದರು. 2020ರಲ್ಲಿ ಅಂಥದೇ ಮತಗಳು ಟ್ರಂಪ್ ಕಡೆ ವಾಲಿ, ಅಲ್ಲಿ ಬೈಡನ್ ಮುನ್ನಡೆ ದಿನೇದಿನೇ ಕರಗಿತು. ಆ ವರ್ಷ ಪೆನ್ಸಿಲ್ವೇನಿಯಾದಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಆಯಿತು. ಅಲ್ಲಿ ಮತದಾನದ ದಿನ ಬೆಳಗ್ಗೆ 7ಕ್ಕೆ ಮೊದಲು ಅಂಚೆ ಲಕೋಟೆ ತೆರೆಯುವಂತಿಲ್ಲ. ಫ್ಲೋರಿಡಾದಲ್ಲಿ ಮೊದಲೇ ತೆರೆದು ತಯಾರಿಟ್ಟುಕೊಳ್ಳಬಹುದು. ಅದಕ್ಕೇ ಫ್ಲೋರಿಡಾ ಅವತ್ತೇ ರಾತ್ರಿ ಮುಗಿಸುತ್ತದೆ. ಅಂಕಿ ಯಾವ ಕಡೆ ವಾಲುತ್ತದೆ ಅನ್ನುವುದು, ಆ ವರ್ಷ ಯಾವ ಪಕ್ಷದವರು ಅಂಚೆ ನಂಬಿದರು ಅನ್ನುವುದರ ಮೇಲೆ ನಿಂತಿದೆ.

2022: ಬಾರದ ಕೆಂಪು ಅಲೆ

ಆ ವರ್ಷ ಜೂನ್‌ನಲ್ಲಿ ಹಣದುಬ್ಬರ ಶೇ 9.1 ಮುಟ್ಟಿತ್ತು. 40 ವರ್ಷದಲ್ಲೇ ಜಾಸ್ತಿ. ಬೈಡನ್ ಜನಪ್ರಿಯತೆ ಕೆಳಗಿತ್ತು. ಹಳೇ ಲೆಕ್ಕದ ಪ್ರಕಾರ ಕೆಂಪು ಅಲೆ, ಅಂದರೆ ರಿಪಬ್ಲಿಕನ್ ಅಲೆ, ಖಂಡಿತ. ಪಕ್ಷಗಳಿಗೆ ಹತ್ತಿರದ ಸಂಸ್ಥೆಗಳ ಸಮೀಕ್ಷೆಗಳು ಕೊನೇ ವಾರಗಳಲ್ಲಿ ಸಾಲಾಗಿ ಬಂದು ಆ ನಂಬಿಕೆಗೆ ನೀರೆರೆದವು. ಬಾಜಿ ಮಾರುಕಟ್ಟೆಗಳೂ ಸೆನೆಟ್ ರಿಪಬ್ಲಿಕನ್ನರದು ಅನ್ನುತ್ತಿದ್ದವು.

ಅದೇ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕನ್ನು ರದ್ದು ಮಾಡಿತ್ತು. ಆಗಸ್ಟ್‌ನಲ್ಲಿ ಕಾನ್ಸಾಸ್‌ನಲ್ಲಿ, ಗಟ್ಟಿ ರಿಪಬ್ಲಿಕನ್ ರಾಜ್ಯದಲ್ಲಿ, ರಾಜ್ಯ ಸಂವಿಧಾನದಿಂದ ಆ ಹಕ್ಕು ತೆಗೆಯುವ ಪ್ರಸ್ತಾವಕ್ಕೆ ಶೇ 59ರಷ್ಟು ಜನ ಬೇಡ ಅಂದಿದ್ದರು. ಸುಳಿವು ಕಣ್ಣೆದುರೇ ಇತ್ತು. ಆದರೆ ನವೆಂಬರ್ 8ರ ಬೆಳಗ್ಗೆ ಬಹಳಷ್ಟು ಜನರ ಬಾಯಲ್ಲಿದ್ದದ್ದು ಎಷ್ಟು ದೊಡ್ಡ ಅಲೆ ಅನ್ನುವ ಪ್ರಶ್ನೆ ಮಾತ್ರ.

ಅವತ್ತು ಅರಿಜೋನಾದ ಮಾರಿಕೋಪಾ ಕೌಂಟಿಯಲ್ಲಿ ಹತ್ತಾರು ಮತಗಟ್ಟೆಗಳಲ್ಲಿ ಪ್ರಿಂಟರ್ ಕೈಕೊಟ್ಟವು. ಅಲ್ಲಿ ಮತಪತ್ರವನ್ನು ಮತದಾರ ಬಂದಾಗ ಅಲ್ಲೇ ಅಚ್ಚು ಹಾಕಿ ಕೊಡುತ್ತಾರೆ. ಅಚ್ಚು ಮಸುಕಾಗಿ ಬಿದ್ದದ್ದರಿಂದ ಸ್ಕ್ಯಾನ್ ಯಂತ್ರ ಮತಪತ್ರವನ್ನು ಉಗುಳುತ್ತಿತ್ತು. ಯಂತ್ರದ ಕೆಳಗಿನ ‘3ನೇ ಬಾಗಿಲ’ ಡಬ್ಬಿಗೆ ಹಾಕಿ, ಕೇಂದ್ರ ಕಚೇರಿಯಲ್ಲಿ ಎಣಿಸುತ್ತಾರೆ ಅಂತ ಸಿಬ್ಬಂದಿ ಹೇಳುತ್ತಿದ್ದರು. ಮತದಾರರು ಫೋನ್ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಆ ವಿಡಿಯೊಗಳು ದೇಶವೆಲ್ಲ ಸುತ್ತಿದ್ದವು. ಕಂಡದ್ದು ನಿಜ. ಯಂತ್ರ ನಿಜಕ್ಕೂ ಓದುತ್ತಿರಲಿಲ್ಲ. ಅದರಿಂದ ಮಾಡಿದ ಊಹೆ ಬೇರೆ. ಮುಂದಿನ ವರ್ಷ ರಾಜ್ಯದ ನಿವೃತ್ತ ಮುಖ್ಯ ನ್ಯಾಯಮೂರ್ತಿಯೊಬ್ಬರು ಪರಿಶೀಲಿಸಿ, ದಪ್ಪ ಕಾಗದ ಮತ್ತು ಉದ್ದದ ಮತಪತ್ರವನ್ನು ಆ ಪ್ರಿಂಟರ್‌ಗಳು ತಾಳಲಿಲ್ಲ, ಬೇಕಂತಲೇ ಮಾಡಿದ್ದಕ್ಕೆ ಪುರಾವೆ ಸಿಗಲಿಲ್ಲ ಅಂದರು. ಆ ವರದಿಯನ್ನು ಎಷ್ಟು ಜನ ಹಂಚಿಕೊಂಡರು ಅಂತ ಕೇಳಬೇಡಿ. ಅದೇ ಕೌಂಟಿಗೆ ಅವತ್ತು ಬಂದ ಲೇಟ್ ಅರ್ಲಿ ಲಕೋಟೆಗಳು ಸುಮಾರು 2 ಲಕ್ಷ 90 ಸಾವಿರ. ಗವರ್ನರ್ ಯಾರು ಅಂತ ತಿಳಿಯಲು ಆರು ದಿನ ಬೇಕಾಯಿತು.

ಸಂಜೆ ಫ್ಲೋರಿಡಾ ಬೇಗ ಎಣಿಸಿ ಮುಗಿಸಿತು. ಅಲ್ಲಿನ ರಿಪಬ್ಲಿಕನ್ ಗವರ್ನರ್ ರಾನ್ ಡಿಸಾಂಟಿಸ್ ಶೇ 19ರಷ್ಟು ಅಂತರದಿಂದ ಗೆದ್ದರು. ಅಲೆ ಬಂತು ಅಂತ ಸಂಭ್ರಮ. ಗಂಟೆ ಕಳೆದಂತೆ ಉಳಿದ ರಾಜ್ಯಗಳಿಂದ ಬರಬೇಕಿದ್ದದ್ದು ಬರಲಿಲ್ಲ. ಫೈವ್‌ಥರ್ಟಿಏಟ್ ಶೇ 2ರ ಅವಕಾಶ ಕೊಟ್ಟಿದ್ದ ಡೆಮಾಕ್ರಟಿಕ್ ಅಭ್ಯರ್ಥಿ ಮರಿ ಗ್ಲೂಸೆನ್‌ಕ್ಯಾಂಪ್ ಪೆರೆಜ್ ವಾಷಿಂಗ್ಟನ್ ರಾಜ್ಯದ ಹಳ್ಳಿಗಾಡಿನ ಕ್ಷೇತ್ರದಲ್ಲಿ ಗೆದ್ದರು. ಗೆಲುವು ಖಚಿತ ಅಂತ ಯಾರೂ ತಿರುಗಿ ನೋಡಿರದ ಕೊಲರಾಡೊದ ರಿಪಬ್ಲಿಕನ್ ಸದಸ್ಯೆ ಲಾರೆನ್ ಬೋಬರ್ಟ್ ಮರು ಎಣಿಕೆಯ ನಂತರ 546 ಮತಗಳಿಂದ ಬಚಾವಾದರು. ಪ್ರತಿನಿಧಿ ಸಭೆ ರಿಪಬ್ಲಿಕನ್ನರಿಗೆ ಸಿಕ್ಕಿತು ಅಂತ ಖಾತ್ರಿಯಾಗಲು ಎಂಟು ದಿನ ಬೇಕಾಯಿತು. 222ಕ್ಕೆ 213. ಸೆನೆಟ್ ಡೆಮಾಕ್ರಟಿಕ್ ಕೈಯಲ್ಲೇ ಉಳಿಯಿತು.

ಊಹೆ ತಪ್ಪಿದ್ದಕ್ಕೆ ಬೇಜಾರಿಲ್ಲ. ಶೇ 2 ಅಂದರೆ ಸೊನ್ನೆ ಅಲ್ಲ, ಐವತ್ತರಲ್ಲಿ ಒಂದು ಸಲ ಆಗಲೇಬೇಕು. ತಪ್ಪಿದ ಮೇಲೆ ನಡೆದದ್ದು ಬೇರೆ. ಅಲೆ ಇತ್ತು, ಎಲ್ಲರೂ ನೋಡಿದ್ದರು, ಹಾಗಾದರೆ ಎಣಿಕೆಯಲ್ಲಿ ಏನೋ ಆಗಿದೆ ಅನ್ನುವ ವಾದ ಅಲ್ಲಲ್ಲಿ ತಿಂಗಳುಗಟ್ಟಲೆ ಕೋರ್ಟು ಸುತ್ತಿತು. ಬೆಳಗಿನ ಅನಿಸಿಕೆ ಸಾಕ್ಷಿಯ ಜಾಗದಲ್ಲಿ ಕೂತಿತ್ತು.

ಅಮೆರಿಕದ ಕನ್ನಡಿಗರ ಮನೆಗಳಲ್ಲೂ ಈ ದಿನ ಜೋರೇ. ಎಚ್‌–1ಬಿ ವೀಸಾದವರಿಗೂ ಗ್ರೀನ್ ಕಾರ್ಡ್ ಇರುವವರಿಗೂ ಈ ಚುನಾವಣೆಗಳಲ್ಲಿ ಮತ ಇಲ್ಲ. ಎಷ್ಟೋ ಕಡೆ ಅಲ್ಲೇ ಹುಟ್ಟಿದ ಮಗಳು ಮತ ಹಾಕಿ ಬರುತ್ತಾಳೆ, ಗ್ರೀನ್ ಕಾರ್ಡ್ ಸಾಲಿನಲ್ಲಿರುವ ಅಪ್ಪ ಭವಿಷ್ಯ ಹೇಳುತ್ತಾನೆ. ವಾಟ್ಸಾಪ್ ಗುಂಪಲ್ಲಿ ಮಾತಾಡಲು ಪೌರತ್ವ ಬೇಕಿಲ್ಲವಲ್ಲ. 2022ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ ಮಿಶಿಗನ್‌ನಿಂದ ಪ್ರತಿನಿಧಿ ಸಭೆಗೆ ಗೆದ್ದಾಗ ಇಲ್ಲಿನ ಪತ್ರಿಕೆಗಳಲ್ಲೂ ಸುದ್ದಿಯಾಯಿತು.

2026ರ ಮಧ್ಯಂತರ ನವೆಂಬರ್ 3ಕ್ಕೆ. ನಮ್ಮ ಗಡಿಯಾರದಲ್ಲಿ ಬುಧವಾರ ಬೆಳಗಿನ ಜಾವ 4:30ಕ್ಕೆ ಮೊದಲ ಮತಗಟ್ಟೆಗಳು ಮುಚ್ಚುತ್ತವೆ. ಕ್ಯಾಲಿಫೋರ್ನಿಯಾ ಮುಚ್ಚುವುದು ಬೆಳಗ್ಗೆ 9:30ಕ್ಕೆ. ಈ ನಡುವೆ ನಿಯಮಗಳು ಕೆಲವು ಬದಲಾಗಿವೆ. ಮಿಶಿಗನ್ ಅಂಚೆ ಮತಗಳನ್ನು ಮೊದಲೇ ತಯಾರಿಟ್ಟುಕೊಳ್ಳಲು ಬಿಟ್ಟಿದೆ. ಫೈವ್‌ಥರ್ಟಿಏಟ್ 2025ರ ಮಾರ್ಚ್‌ನಲ್ಲಿ ಮುಚ್ಚಿಹೋಯಿತು. ಅದೇ ಹೊತ್ತಿಗೆ ಬಾಜಿ ವಾಪಸ್ ಬಂದಿದೆ. 2024ರ ಅಕ್ಟೋಬರ್‌ನಲ್ಲಿ ಕೋರ್ಟು ಅಡ್ಡಿ ತೆಗೆದ ಮೇಲೆ ಕಾಲ್ಶಿಯಂಥ ಮಾರುಕಟ್ಟೆಗಳಲ್ಲಿ ಯಾರು ಗೆಲ್ತಾರೆ ಅಂತ ರಾಜಾರೋಷವಾಗಿ ದುಡ್ಡು ಹಾಕಬಹುದು. ಬೂತ್ ಮುಂದಿನ ಸಾಲಿನ ವಿಡಿಯೊವೊಂದು ಈಗ ಬಾಜಿ ದರವನ್ನೂ ಅಲ್ಲಾಡಿಸಬಹುದು. ಸುಮ್ನೆ ಹಾಕಿದ್ದು ಯಾವುದು, ಲಾಭಕ್ಕೆ ಹಾಕಿದ್ದು ಯಾವುದು ಅಂತ ನೋಡುವವರಿಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು ತೊಡಕು ಕ್ಷೇತ್ರಗಳದ್ದು. ಹತ್ತು ವರ್ಷಕ್ಕೊಮ್ಮೆ ಜನಗಣತಿ ಆದ ಮೇಲೆ ಗಡಿ ಬದಲಿಸುವುದು ವಾಡಿಕೆ. 2025ರಲ್ಲಿ ಟೆಕ್ಸಾಸ್ ನಡುವೆಯೇ ತನ್ನ ಕ್ಷೇತ್ರಗಳನ್ನು ರಿಪಬ್ಲಿಕನ್ನರಿಗೆ ಅನುಕೂಲವಾಗುವಂತೆ ತಿದ್ದಿತು. ಅದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯಾ ಅದೇ ನವೆಂಬರ್‌ನಲ್ಲಿ ಜನರ ಮತ ಪಡೆದು ತನ್ನದನ್ನು ಡೆಮಾಕ್ರಟಿಕ್ ಪಕ್ಷಕ್ಕೆ ಬೇಕಾದ ಹಾಗೆ ತಿದ್ದಿತು. ಇನ್ನೂ ಕೆಲವು ರಾಜ್ಯಗಳು ಅದೇ ಹಾದಿ ಹಿಡಿದವು. ಹೋದ ಸಲ ಈ ಕ್ಷೇತ್ರದಲ್ಲಿ ಇಷ್ಟು ಮತ ಬಿದ್ದಿತ್ತು, ಈ ಸಲ ಇಷ್ಟು, ಹಾಗಾಗಿ ಗಾಳಿ ಈ ಕಡೆ ಅಂತ ಲೆಕ್ಕ ಹಾಕುವವರಿಗೆ ಅಲ್ಲೆಲ್ಲ ಹಳೇ ಕ್ಷೇತ್ರವೇ ಇಲ್ಲ.